ಫೋನ್ ನಮ್ಮದಾದ್ರೆ ಸಾಕಾ, ಬ್ಯಾಂಕ್ ಒಪ್ಪಬೇಕಲ್ಲ?

ಓಪನ್ ಸೋರ್ಸ್ ಫೋನುಗಳಿಗೆ, ಅಂದ್ರೆ ಯಾರು ಬೇಕಾದ್ರೂ ಕೋಡ್ ನೋಡಿ ಬದಲಾಯಿಸಬಹುದಾದ ಸಿಸ್ಟಂ ಇರೋ ಫೋನುಗಳಿಗೆ, ಯಾರೂ ಆ್ಯಪ್ ಬರೆಯಲ್ಲ ಅನ್ನೋ ಮಾತು ಬಂದಾಗಲೆಲ್ಲ ಬೈಸಿಕೊಳ್ಳೋದು ಡೆವಲಪರ್‌ಗಳೇ. ದುಡ್ಡಿನ ಹಿಂದೆ ಬಿದ್ದೋರು, ಗೂಗಲ್‌ಗೆ ಮಾರಿಕೊಂಡೋರು, ಇನ್ನೂ ಏನೇನೋ. ಸ್ವಾಮಿ, ಬೆಂಗಳೂರಲ್ಲಿ ಆ್ಯಪ್ ಬರೆದೇ ಮನೆ ಬಾಡಿಗೆ ಕಟ್ಟೋನು ನಾನು. ನಮ್ಮ ಕಡೆದೂ ಸ್ವಲ್ಪ ಕೇಳಿ.

ಆ್ಯಪ್ ಬರೆದುಬಿಡಬಹುದು, ಆಮೇಲೆ ಅದನ್ನ ಸಾಕೋದೇ ಕಷ್ಟ. ನೋಟಿಫಿಕೇಶನ್ ಕಳಿಸೋಕೆ ಗೂಗಲ್‌ನ ಫೈರ್‌ಬೇಸ್, ಮ್ಯಾಪ್‌ಗೂ ಗೂಗಲ್ಲೇ. ಆಂಡ್ರಾಯ್ಡ್‌ನ ತಿರುಳು ಓಪನ್ ಸೋರ್ಸ್ ಇರಬಹುದು, ನಾವು ದಿನಾ ಬಳಸೋ ಈ ಸವಲತ್ತುಗಳು ಅದರಲ್ಲಿಲ್ಲ. ಉಬುಂಟು ಟಚ್‌ನಂಥ ಓಪನ್ ಸೋರ್ಸ್ ಫೋನ್ ಸಿಸ್ಟಂಗೆ ಅಂತ ಎಲ್ಲಾ ಮೊದಲಿಂದ ಬರೆದ್ರೂ ಬಳಸೋರು ಎಷ್ಟು ಜನ?

2014ರಲ್ಲಿ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ಬಂದಿತ್ತು, 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ಫೋನು. ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಜಿಲ್ಲಾದ ಓಪನ್ ಸೋರ್ಸ್ ಸಿಸ್ಟಂ ಅದು. ವೆಬ್‌ಸೈಟ್ ಮಾಡೋಕೆ ಬಂದ್ರೆ ಅದಕ್ಕೆ ಆ್ಯಪ್ ಬರೀಬಹುದಿತ್ತು. ವಾಟ್ಸಾಪ್ ಮಾತ್ರ ಬರಲಿಲ್ಲ. 2015ರ ಡಿಸೆಂಬರಲ್ಲಿ ಫೋನಿನ ಸಹವಾಸವೇ ಬೇಡ ಅಂತ ಮೊಜಿಲ್ಲಾ ಕೈಬಿಟ್ಟಿತು. ಅದೇ ಬೇರಿಂದ ಚಿಗುರಿದ ಕೈಓಎಸ್ ಜಿಯೋಫೋನ್ ಒಳಗೆ ಕೂತು ಕೋಟಿಗಟ್ಟಲೆ ಜನರ ಕೈಗೆ ಹೋದಮೇಲೆ, 2018ರಲ್ಲಿ ವಾಟ್ಸಾಪ್ ಬಂತು ನೋಡಿ!

ಫಿನ್‌ಲೆಂಡಿನ ಯೊಲ್ಲಾ ಕಂಪನಿ ಬೇರೆ ದಾರಿ ಹಿಡಿದು, ತನ್ನ ಸೈಲ್‌ಫಿಶ್ ಅನ್ನೋ ಫೋನ್ ಸಿಸ್ಟಂ ಮೇಲೆ ಆಂಡ್ರಾಯ್ಡ್ ಆ್ಯಪ್‌ಗಳನ್ನೇ ಓಡಿಸಿತು. ಬಳಸೋರಿಗೆ ಅನುಕೂಲವೇ. ಆದ್ರೆ ನನ್ನ ಆಂಡ್ರಾಯ್ಡ್ ಆ್ಯಪ್ ಅಲ್ಲಿ ಹೇಗೋ ಓಡುತ್ತೆ ಅಂದಮೇಲೆ ಸೈಲ್‌ಫಿಶ್‌ಗೇ ಅಂತ ಇನ್ನೊಂದು ಯಾಕೆ ಬರೀಲಿ?

ಇದೆಲ್ಲಕ್ಕಿಂತ ದೊಡ್ಡ ಗಂಟು ದುಡ್ಡಿನ ಆ್ಯಪ್‌ಗಳದ್ದು. ದರ್ಶಿನಿಯ ಬೈಟೂ ಕಾಫಿಗೂ ಕ್ಯೂಆರ್ ಹುಡುಕೋ ಊರಲ್ಲಿ ಯುಪಿಐ ಓಡದ ಫೋನನ್ನ ಯಾರು ಇಟ್ಟುಕೊಳ್ತಾರೆ? ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಪ್ಲೇ ಇಂಟೆಗ್ರಿಟಿ ಅನ್ನೋ ತಪಾಸಣೆ ಮೂಲಕ 'ಈ ಫೋನ್ ನಂಬಬಹುದಾ' ಅಂತ ಗೂಗಲ್‌ನ ಕೇಳುತ್ವೆ. ಗೂಗಲ್ ಸರ್ಟಿಫಿಕೇಟ್ ಇಲ್ಲದ ಸಿಸ್ಟಂ ಆದ್ರೆ ಬಾಗಿಲು ಬಂದ್. ಆಂಡ್ರಾಯ್ಡ್‌ನ ಓಪನ್ ಸೋರ್ಸ್ ತಿರುಳಿನ ಮೇಲೆ ಕಟ್ಟಿದ, ಭದ್ರತೆಗೇ ಹೆಸರಾದ ಗ್ರಾಫೀನ್‌ಓಎಸ್ ಕೂಡ ಅಲ್ಲಿ ಪೂರಾ ಪಾಸಾಗಲ್ಲ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಹಳೇ ಆಂಡ್ರಾಯ್ಡ್ ಫೋನ್ ಪಾಸಾಗಿಬಿಡಬಹುದು. ಇದೆಂಥ ಭದ್ರತೆ ಮಾರಾಯ್ರೆ?

ಗೂಗಲ್‌ನ ಕೇಳದೆಯೂ ಪರೀಕ್ಷೆ ಮಾಡೋಕಾಗುತ್ತೆ. ಫೋನಿನ ಚಿಪ್ಪೇ ತನ್ನಲ್ಲಿ ಯಾವ ಸಿಸ್ಟಂ ಓಡ್ತಿದೆ ಅಂತ ಸಹಿ ಮಾಡಿ ಹೇಳೋ ವ್ಯವಸ್ಥೆ ಆಂಡ್ರಾಯ್ಡಲ್ಲೇ ಇದೆ. ಗ್ರಾಫೀನ್‌ಓಎಸ್‌ನೋರು ತಮ್ಮ ಸಿಸ್ಟಂ ಅಸಲಿ ಅಂತ ಗುರುತಿಸೋ ಕೀಗಳನ್ನೂ ಪ್ರಕಟಿಸಿ, ಇವನ್ನ ನಿಮ್ಮ ಆ್ಯಪ್‌ನ ಪರೀಕ್ಷೆಗೆ ಸೇರಿಸಿಕೊಳ್ಳಿ ಅಂತ ಕೇಳ್ತಾನೇ ಇದ್ದಾರೆ. ಸೇರಿಸೋ ಕೋಡ್ ಬರೆಯೋಕೆ ನಮ್ಮಂಥೋರು ಬೇಕಾದಷ್ಟು ಜನ ಇದ್ದೀವಿ. ಅದಕ್ಕೆ ಒಪ್ಪಿಗೆ ಕೊಡಬೇಕಾದ ಬ್ಯಾಂಕಿನ ರಿಸ್ಕ್ ವಿಭಾಗದೋರನ್ನ ಮಾತ್ರ ಯಾರೂ ಬೈಯಲ್ಲ.