ಹಾರರ್ ಗೇಮ್ ಕವರ್ ಮೇಲೆ ದೆವ್ವ ಬೇಡ

ಎರಡು ತಿಂಗಳಿಂದ ಒಂದೇ ಚಿತ್ರದ ಹಿಂದೆ ಬಿದ್ದಿದ್ದೇನೆ. ಅದರ ಬಗ್ಗೆ ಬರೆಯಲೇಬೇಕು ಅನಿಸಿತು. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಬೀದಿಯ ಇಬ್ಬರು ಹುಡುಗರು ಕೆಲಸದ ಜೊತೆಗೇ ರಾತ್ರಿ ಕೂತು ಒಂದು ಹಾರರ್ ಗೇಮ್ ಮಾಡುತ್ತಿದ್ದಾರೆ. ಹೆಸರು ‘ರಾತ್ರಿ ಪಾಳಿ’. ಎಷ್ಟೋ ವರ್ಷದ ಹಿಂದೆ ಬಾಗಿಲು ಹಾಕಿದ ಹತ್ತಿ ಮಿಲ್, ಅದಕ್ಕೊಬ್ಬ ವಾಚ್‌ಮನ್. ರಾತ್ರಿ ಹನ್ನೆರಡಕ್ಕೆ ಮಿಲ್ಲಿನ ಸೈರನ್ ಕೂಗುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹುಟ್ಟಿದವರಿಗೆ ಇಂಥ ಕಥೆ ಹೊಳೆಯದೆ ಇನ್ನೇನು ಹೊಳೆಯುತ್ತದೆ ಹೇಳಿ.

ಗೇಮ್ ಚೆನ್ನಾಗಿದೆ. ಆದರೆ ಅದಕ್ಕೆ ಹಾಕಿದ್ದ ಕವರ್ ನೋಡಿ ನನಗೆ ಸಂಕಟವಾಯಿತು. ಆನ್‌ಲೈನಲ್ಲಿ ಯಾರಿಂದಲೋ ಕಡಿಮೆ ದುಡ್ಡಿಗೆ ಮಾಡಿಸಿದ್ದರು. ಕೂದಲು ಕೆದರಿದ ಹೆಂಗಸಿನ ಮುಖ, ಕೆಂಪು ಕಣ್ಣು, ಹಿಂದೆ ಮಿಲ್, ಮೇಲೆ ಚಂದ್ರ, ಪಕ್ಕಕ್ಕೊಂದು ಬಾವಲಿ. ಅಕ್ಷರದಿಂದ ರಕ್ತ ಬೇರೆ ಸೋರುತ್ತಿತ್ತು. ಮೊಬೈಲಲ್ಲಿ ಅದನ್ನು ಸಣ್ಣದು ಮಾಡಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, “ಖಾರದಪುಡಿ ಪ್ಯಾಕೆಟ್ ಇದ್ದಂಗೈತಲ್ಲೇ” ಅಂದರು. ಆ ಹುಡುಗರು ಅಲ್ಲೇ ಇದ್ದರು. ಪಾಪ, ಮುಖ ಸಣ್ಣದಾಯಿತು.

ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಕವರ್ ಅನ್ನು ಜನ ನೋಡುವುದೇ ಆ ಅಳತೆಯಲ್ಲಿ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಕವರಿಗೆ ‘ಕ್ಯಾಪ್ಸೂಲ್’ ಅನ್ನುತ್ತಾರೆ. ಅದರಲ್ಲಿ ಸಣ್ಣ ಕ್ಯಾಪ್ಸೂಲಿನ ಅಳತೆ 462x174 ಪಿಕ್ಸೆಲ್. ಅದನ್ನು ಸ್ಟೀಮ್ ಇನ್ನೂ ಕುಗ್ಗಿಸಿ ಕೆಲವು ಕಡೆ 120x45ರಲ್ಲಿ ತೋರಿಸುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗ ಅದು. ಹುಡುಗರು ಮಾತ್ರ ಲ್ಯಾಪ್‌ಟಾಪ್ ಪರದೆ ತುಂಬ ದೊಡ್ಡದು ಮಾಡಿ ನೋಡಿ, ಚೆನ್ನಾಗಿದೆ ಅಂದುಕೊಂಡಿದ್ದರು.

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದವರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು, ನಾಟಕದ ಬೋರ್ಡು ನೋಡಿಯೇ ಅಪ್ಪ ಅಕ್ಷರ ಕಲಿತಿದ್ದು. ಗೋಡೆ ಮೇಲೆ ಬರೆದಾದ ಮೇಲೆ ರಸ್ತೆ ಆಚೆಗೆ ಹೋಗಿ, ಕಣ್ಣು ಅರ್ಧ ಮುಚ್ಚಿ ನಿಲ್ಲುತ್ತಿದ್ದರು. “ಬಸ್ಸಲ್ಲಿ ಹೋಗೋನು ನಿನ್ ಬೋರ್ಡ್ ಓದಾಕೆ ಇಳಿಯಂಗಿಲ್ಲ” ಅನ್ನುತ್ತಿದ್ದರು. ನಾನು ಈಗ ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಗೇಮ್ ಕವರಿಗೂ ಅದೇ ಲೆಕ್ಕ ಅಂತ ಈಗ ಗೊತ್ತಾಗಿದೆ.

ನಾನು ಹೇಳಬೇಕಾಗಿರುವುದು ಇಷ್ಟು: ಹಾರರ್ ಗೇಮಿನ ಕವರ್ ಹೆದರಿಸಬಾರದು. ಹೆದರಿಸುವುದು ಗೇಮಿನ ಕೆಲಸ. ನೋಡಿದವರಿಗೆ “ಇದೇನಿದು, ಯಾಕೆ ಹೀಗಿದೆ” ಅನಿಸಬೇಕು, ಅಷ್ಟೇ. ದೆವ್ವದ ಮುಖ ಕವರ್ ಮೇಲೇ ಕಂಡರೆ ಆಡುವವನಿಗೆ ಒಳಗೆ ಉಳಿಯುವುದೇನು?

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕೋಣೆಯೊಳಗಿಂದ ಇನ್ನೊಂದು ಕೋಣೆ. ಟಾರ್ಚ್ ಇಲ್ಲದೆ ಒಂದು ಹೆಜ್ಜೆ ಇಡುವಂತಿಲ್ಲ. ನಾವು ಹೋದಾಗ ಗೈಡ್ ಸುಮ್ನೆ ಟಾರ್ಚ್ ಆರಿಸಿದರು. ಪೂರ್ತಿ ಕತ್ತಲಾಯಿತು. ಆಶ್ಚರ್ಯ ಏನಂದರೆ, ನನಗೆ ಆಗ ಅಷ್ಟು ಭಯವಾಗಲಿಲ್ಲ. ಏನೂ ಕಾಣದಿದ್ದಾಗ ಕಣ್ಣಿಗೆ ಕೆಲಸವೇ ಇಲ್ಲ. ಮತ್ತೆ ಟಾರ್ಚ್ ಹಾಕಿದಾಗ ಬೆಳಕು ಒಂದು ಮೆಟ್ಟಿಲ ಮೇಲೆ ಬಿತ್ತು. ಪಕ್ಕದ ಬಾಗಿಲು ಮಾತ್ರ ಕಪ್ಪಗೆ ಹಾಗೇ ಇತ್ತು. ಆಗ ಮೈ ಜುಮ್ ಅಂದಿತು. ಬೆಳಕು ಎಲ್ಲಿ ಮುಗಿಯುತ್ತದೋ ಭಯ ಅಲ್ಲಿ ಕೂತಿರುತ್ತದೆ.

ಹಾಗಾಗಿ ಹೊಸ ಕವರಲ್ಲಿ ಮೊದಲು ಬೆಳಕು ಬರೆದೆ. ಮಿಲ್ಲಿನ ದೊಡ್ಡ ಬಾಗಿಲು ಒಂದು ಗೇಣು ತೆರೆದಿದೆ. ಒಳಗಿಂದ ಹಳದಿ ಬೆಳಕಿನ ಒಂದು ಪಟ್ಟಿ. ಹೊಸ್ತಿಲ ಮೇಲೆ ಒಂದು ಬುತ್ತಿ ಡಬ್ಬಿ, ಮೂರು ಅಂತಸ್ತಿನದು. ಉಗುರಿನಷ್ಟು ಅಳತೆಯಲ್ಲೂ ಇವೆರಡು ಕಾಣುತ್ತವೆ. ಚಿತ್ರ ದೊಡ್ಡದು ಮಾಡಿದರೆ ಇನ್ನೊಂದು ಕಾಣುತ್ತದೆ: ಡಬ್ಬಿಯ ಮುಚ್ಚಳದಿಂದ ಹಬೆ ಏಳುತ್ತಿದೆ. ಮಿಲ್ ಮುಚ್ಚಿ ಎಷ್ಟು ವರ್ಷವಾಯಿತು, ಬುತ್ತಿ ಇನ್ನೂ ಬಿಸಿ ಇದೆ.

ಹುಡುಗರಿಗೆ ಮೊದಲು ಧೈರ್ಯ ಬರಲಿಲ್ಲ. “ಅಕ್ಕಾ, ಇದನ್ನ ನೋಡಿದ್ರೆ ಹಾರರ್ ಅಂತ ಗೊತ್ತಾಗುತ್ತಾ? ಅಡುಗೆ ಗೇಮ್ ಅನ್ಕೊಂಡ್ರೆ?” ಅಂದ ಒಬ್ಬ. ನ್ಯಾಯವಾದ ಪ್ರಶ್ನೆ. 2014ರಲ್ಲಿ ಬಂದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ನೆನಪಿಸಿದೆ. ಸ್ಕಾಟ್ ಕಾಥನ್ ಮಾಡಿದ ಗೇಮ್. ಅಲ್ಲೂ ರಾತ್ರಿ ಕಾವಲುಗಾರನೇ. ಆದರೆ ಹೆದರಿಸುವುದು ಮಕ್ಕಳು ಇಷ್ಟಪಡುವ ಗೊಂಬೆ ಕರಡಿ. ದಿನಾ ಕಾಣುವ ವಸ್ತು ಇರಬಾರದ ಹೊತ್ತಲ್ಲಿ, ಇರಬಾರದ ಜಾಗದಲ್ಲಿ ಇದ್ದರೆ ಸಾಕು. ಬಣ್ಣವೂ ಬೆಳಕೂ ಉಳಿದದ್ದನ್ನು ಹೇಳುತ್ತವೆ.

ಬಣ್ಣದ ವಿಷಯ. ಹಾರರ್ ಅಂದ ತಕ್ಷಣ ಎಲ್ಲರ ಕೈ ಕಪ್ಪು-ಕೆಂಪಿಗೇ ಹೋಗುತ್ತದೆ. ಸ್ಟೀಮಿನ ಹಾರರ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ನಮ್ಮ ಹಳೇ ಕವರ್ ಅದರ ಮಧ್ಯೆ ಅಂಟಿಸಿದೆ. ಹುಡುಕಬೇಕಾಯಿತು. ಹಳದಿಯದ್ದು ಅಂಟಿಸಿದೆ, ಕಣ್ಣು ತಾನಾಗೇ ಅಲ್ಲಿಗೆ ಹೋಯಿತು. ಇನ್ನೊಂದು ವಿಷಯ, ಸ್ಟೀಮಿನ ಪುಟವೇ ಕಡು ನೀಲಿ. ಕವರಿನ ಅಂಚು ಪೂರ್ತಿ ಕಪ್ಪಿದ್ದರೆ ಪುಟದೊಳಗೆ ಕರಗಿಹೋಗುತ್ತದೆ, ಚೌಕವೇ ಕಾಣುವುದಿಲ್ಲ. ಅದಕ್ಕೆ ಅಂಚಿಗೆ ಬಾಗಿಲಿನ ತುಕ್ಕಿನ ಬಣ್ಣ ತಂದೆ.

ಇನ್ನು ಅಕ್ಷರ. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ರಕ್ತ ಸೋರುವ ಅಕ್ಷರ ಕನ್ನಡಕ್ಕೆ ಹೊಂದುವುದೇ ಇಲ್ಲ. ಇಂಗ್ಲಿಷ್ ಅಕ್ಷರದ ಕೆಳಗೆ ಹನಿ ಇಳಿದರೆ ಅದು ಹನಿ ಮಾತ್ರ. ಕನ್ನಡದಲ್ಲಿ ಅಕ್ಷರದ ಕೆಳಗಿನ ಜಾಗ ಒತ್ತಿನದು. ಅಲ್ಲಿ ಏನೇ ಇಳಿಬಿಟ್ಟರೂ ಓದುವವನ ಕಣ್ಣು ಅದನ್ನು ಒತ್ತು ಅಂತಲೇ ಹಿಡಿಯುತ್ತದೆ. ಗೀರು ಬಿದ್ದಂಥ ಅಕ್ಷರವೂ ಅಷ್ಟೇ. ಪ ಮೇಲೆ ಸರಿಯಾದ ಜಾಗದಲ್ಲಿ ಒಂದು ಗೀರು ಬಿದ್ದರೆ ಷ ಆಯಿತು. ಹಳೇ ಕವರಲ್ಲಿ ‘ಪಾಳಿ’ ಸಣ್ಣ ಅಳತೆಗೆ ಬಂದಾಗ ‘ಷಾಳಿ’ ಅಂತ ಓದಿಸುತ್ತಿತ್ತು. ಕನ್ನಡಿಗನಿಗೇ ತನ್ನ ಭಾಷೆಯ ಹೆಸರು ಓದಲಾಗದಿದ್ದರೆ ಹೇಗೆ?

ನಾನು ದಪ್ಪ ಗೆರೆಯಲ್ಲಿ ಕೈಯಿಂದಲೇ ಬರೆದೆ, ಮಿಲ್ ಗೇಟಿನ ಮೇಲೆ ಕಬ್ಬಿಣದ ಅಕ್ಷರ ಇರುತ್ತವಲ್ಲ, ಹಾಗೆ. ಎರಡು ಸಾಲು ಮಾಡಿದರೆ ‘ತ್ರಿ’ಯ ಒತ್ತು ಕೆಳಗಿನ ಸಾಲಿಗೆ ಬಡಿಯುತ್ತಿತ್ತು. ಒಂದೇ ಸಾಲು ಮಾಡಿದರೆ ಅಕ್ಷರ ಚಿಕ್ಕದಾಗುತ್ತಿತ್ತು. ಮೂರು ದಿನ ಒದ್ದಾಡಿದೆ. ಕೊನೆಗೆ ‘ಪಾ’ ಮತ್ತು ‘ಳಿ’ ನಡುವೆ ಜಾಗ ಬಿಟ್ಟು, ಆ ಸಂದಿಯೊಳಗೆ ಒತ್ತು ಇಳಿಯುವ ಹಾಗೆ ಮಾಡಿದೆ. ಎರಡು ಸಾಲೂ ಕೊಂಡಿ ಹಾಕಿಕೊಂಡ ಹಾಗೆ ಕೂತವು. ಅಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ.

ಆದರೆ ಆ ಸಣ್ಣ ಕ್ಯಾಪ್ಸೂಲಿನಲ್ಲಿ ಎರಡು ಲಿಪಿ ಹಿಡಿಸುವುದಿಲ್ಲ. ಹೊರಗಿನವರೂ ಓದಬೇಕು. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ರಾತ್ರಿ ಪಾಳಿ’ ಅಂತ ಬರೆದು, ದೊಡ್ಡ ಅಳತೆಗಳಲ್ಲಿ ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಇಟ್ಟೆವು. ನನಗೆ ಪೂರ್ತಿ ಸಮಾಧಾನವಿಲ್ಲ, ಆದರೆ ಓದಲಾಗದ ಹೆಸರಿಗಿಂತ ಇದು ವಾಸಿ.

ಒಂದು ಚಿತ್ರ ಮಾಡಿ ಎಲ್ಲ ಕಡೆ ಕತ್ತರಿಸಿ ಹಾಕುತ್ತೇವೆ ಅನ್ನುವವರಿಗೆ ಒಂದು ಮಾತು: ಆಗುವುದಿಲ್ಲ. ಮುಖ್ಯ ಕ್ಯಾಪ್ಸೂಲ್ 1232x706, ಅಡ್ಡ. ಕೊಂಡ ಗೇಮ್‌ಗಳು ಕೂರುವ ಸ್ಟೀಮ್ ಲೈಬ್ರರಿಯದು 600x900, ಉದ್ದ. ಇಚ್.ಐಓ (itch.io) ಅನ್ನೋ ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿಯಲ್ಲಿ 630x500, ಹೆಚ್ಚುಕಡಿಮೆ ಚೌಕ. ಬಾಗಿಲು, ಡಬ್ಬಿ, ಹಬೆ, ಅಕ್ಷರ ಎಲ್ಲ ಬೇರೆ ಬೇರೆ ಲೇಯರಲ್ಲಿ ಇಟ್ಟುಕೊಂಡು ಪ್ರತಿ ಅಳತೆಗೂ ಹೊಸದಾಗಿ ಜೋಡಿಸಬೇಕು. ಹೊಗಳಿಕೆ, ನಕ್ಷತ್ರ, ಪ್ರಶಸ್ತಿ, ಡಿಸ್ಕೌಂಟ್ ಅಂತ ಬರೆಯುವ ಹಾಗೂ ಇಲ್ಲ. 2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ಅದನ್ನು ನಿಲ್ಲಿಸಿದೆ. ನನಗೆ ಇದು ಒಳ್ಳೆಯ ನಿಯಮ ಅನಿಸುತ್ತದೆ. ಚಿತ್ರ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾಗುತ್ತದೆ.

ದುಡ್ಡಿನ ಮಾತೂ ಆಡಿಬಿಡುತ್ತೇನೆ. ಸ್ಟೀಮಲ್ಲಿ ಒಂದು ಗೇಮ್ ಇಡೋಕೆ 100 ಡಾಲರ್ ಕಟ್ಟಬೇಕು. ಹುಡುಗರು ಸಂಬಳದಲ್ಲಿ ಉಳಿಸಿ ಕಟ್ಟಿದರು. ಎರಡು ವರ್ಷ ನಿದ್ದೆಗೆಟ್ಟರು. ಕವರಿಗೆ ಬಂದಾಗ ಮಾತ್ರ ಕೈ ಹಿಡಿತ ಮಾಡಿದರು. ಅವರೊಬ್ಬರೇ ಅಲ್ಲ, ತುಂಬ ಜನ ಹೀಗೇ ಮಾಡುತ್ತಾರೆ. ನಮ್ಮೂರಲ್ಲೇ 1964ರಿಂದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಬೆಳಕು-ನೆರಳು ಅರೆದು ಕುಡಿದ ಮಕ್ಕಳು ಅಲ್ಲಿಂದ ಹೊರಬಂದು ಕೆಲಸ ಹುಡುಕುತ್ತಾರೆ. ಗೇಮ್ ಮಾಡುವವರೇ, ಅವರನ್ನು ಹೋಗಿ ಕೇಳಿ. ಸರಿಯಾದ ಸಂಬಳ ಕೊಡಿ. ಮೊದಲು ಗೇಮ್ ಆಡಿಸಿ, ಆಮೇಲೆ ಪೆನ್ಸಿಲ್ ಹಿಡಿಸಿ.

ಹೊಸ ಕವರನ್ನೂ ಅಮ್ಮನಿಗೆ ತೋರಿಸಿದೆ, ಮೊದಲು ಉಗುರಿನ ಅಳತೆಯಲ್ಲಿ. “ಬಾಗ್ಲತ್ರ ಬುತ್ತಿ ಐತೆ” ಅಂದರು. ಆಮೇಲೆ ದೊಡ್ಡದು ಮಾಡಿ ಕೊಟ್ಟೆ. ಸ್ವಲ್ಪ ಹೊತ್ತು ನೋಡಿದರು. ಬೆರಳಲ್ಲಿ ಆ ಹಬೆ ಮುಟ್ಟಿದರು. “ಯಾರಿಗಿಟ್ಟಾರೆ ಇದನ್ನ?” ಅಂದರು. ನನ್ನ ಪಕ್ಕ ಕೂತಿದ್ದ ಹುಡುಗ ಮಾತಾಡದೆ ನನ್ನ ಕೈ ಒತ್ತಿದ.

ಈಗ ಒಂದು ಸಹಾಯ ಬೇಕು. ಡಬ್ಬಿಯ ಹಿಡಿ ನನಗಿನ್ನೂ ಸರಿಯಾಗಿ ಬಂದಿಲ್ಲ. ಮಿಲ್ಲಿಗೆ ಪಾಳಿ ಮೇಲೆ ಹೋಗುತ್ತಿದ್ದವರ ಬುತ್ತಿ ಡಬ್ಬಿ ಯಾರ ಮನೆಯಲ್ಲಾದರೂ ಅಟ್ಟದ ಮೇಲಿದ್ದರೆ ಇಳಿಸಿ, ಪಕ್ಕದಿಂದ ಒಂದು ಫೋಟೋ ತೆಗೆದು ಕಳಿಸಿ. ಉಜ್ಜಿ ಹೊಳಪು ಮಾಡಬೇಡಿ, ಇದ್ದ ಹಾಗೇ ಇರಲಿ.