ರೊಕ್ಕಮಾ, ಕಡನಾ?

ಮೈಲಾಪುರದ ಸಂದಿಯೊಂದರಲ್ಲಿ ತೊಗರಿಬೇಳೆ ಕಟ್ಟಿಸಿಕೊಂಡು ನಿಂತಿದ್ದೆ. ಅಂಗಡಿಯ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ರೊಕ್ಕಮಾ, ಕಡನಾ?" ಎಂದರು. ಚೆನ್ನೈಗೆ ಬಂದು ಒಂಬತ್ತು ವರ್ಷವಾದರೂ ನನ್ನ ತಮಿಳು ಅರ್ಧಂಬರ್ಧ. ಈ ಪ್ರಶ್ನೆ ಮಾತ್ರ ಪೂರ್ತಿ ಅರ್ಥವಾಯಿತು: ನಗದೋ, ಸಾಲವೋ? ರೊಕ್ಕ ನಮ್ಮದು, ಕಡವೂ ನಮ್ಮದೇ. ಕಲಬುರಗಿಯ ಕಾಳಿನ ಪೇಟೆಯಾದ ಗಂಜಿನಲ್ಲಿ ಯಾರೋ ಕೂಗಿ ಕರೆದಂತಾಯಿತು.

ಇದೇ ರೊಕ್ಕಕ್ಕಾಗಿ ಬೆಂಗಳೂರಿನಲ್ಲಿ ನಗೆಪಾಟಲಿಗೆ ಈಡಾಗಿದ್ದೆ. ಓದುವ ದಿನಗಳಲ್ಲಿ "ರೊಕ್ಕ ಇಲ್ಲ" ಎಂದಾಗಲೆಲ್ಲ ಕೋಣೆಯ ಗೆಳೆಯರು ರಾಗವೆಳೆದು ಅಣಕಿಸುತ್ತಿದ್ದರು. ಎರಡೇ ತಿಂಗಳಲ್ಲಿ ನಾನೂ "ದುಡ್ಡು" ಕಲಿತೆ. ಆ ದುಡ್ಡಾದರೂ ಏನು? ಹಿಂದಿನ ತಾಮ್ರದ ಪುಡಿನಾಣ್ಯ. ನಗದು ಅರಬ್ಬಿಯಿಂದ ಬಂದದ್ದು. ರೊಕ್ಕದ ಬಳಗವೇನು ಸಣ್ಣದೇ? ಸಂಸ್ಕೃತ ಕೋಶದಲ್ಲಿ 'ರೋಕ', ಮರಾಠಿಯಲ್ಲಿ 'ರೋಖ', ಗುಜರಾತಿಯಲ್ಲಿ 'ರೋಕಡ', ತೆಲುಗಿನಲ್ಲಿ 'ರೊಕ್ಕಂ'. ಎಲ್ಲ ಕಡೆಯೂ ಕೈಯಲ್ಲಿ ಎಣಿಸಿ ಕೊಡುವ ಕಾಸೇ. ತಮಿಳು ಪತ್ರಿಕೆಗಳು ಬಹುಮಾನದ ಸುದ್ದಿಯಲ್ಲಿ 'ರೊಕ್ಕಪ್ ಪರಿಸು' ಎಂದು ಗತ್ತಿನಿಂದ ಅಚ್ಚು ಹಾಕುತ್ತವೆ. ನಮ್ಮವು 'ನಗದು ಬಹುಮಾನ' ಎನ್ನುತ್ತವೆ. ಗಾದೆಯವರು ದುಡ್ಡಿಗೆ ದೊಡ್ಡಪ್ಪನ ಪಟ್ಟ ಕಟ್ಟಿದರು. ರೊಕ್ಕ ಇನ್ನೂ ಹೊರಗೆ ಕಟ್ಟೆಯ ಮೇಲೆ ಕುಳಿತಿದೆ.

ಅಪ್ಪ ತೊಗರಿ ಮಾರಲು ಗಂಜಿಗೆ ಹೋದಾಗ ಬೆನ್ನುಹತ್ತಿ ಹೋಗುತ್ತಿದ್ದೆ. ಅಡತಿಯವರು ಪಟ್ಟಿ ಬರೆದು, ಹಮಾಲಿ, ದಲಾಲಿ ಮುರಿದುಕೊಂಡು, ಉಳಿದದ್ದನ್ನು ಹೆಬ್ಬೆರಳಿಗೆ ಉಗುಳು ಹಚ್ಚಿ ಎಣಿಸಿ ಕೊಡುತ್ತಿದ್ದರು. ಅಪ್ಪ ಅದನ್ನು ಮತ್ತೊಮ್ಮೆ ಎಣಿಸಿ, ಧೋತರದ ಸೊಂಟಕ್ಕೆ ಸಿಕ್ಕಿಸಿ, ಅಂಗಿಯ ಮೇಲಿಂದ ಮುಟ್ಟಿ ನೋಡಿಕೊಂಡ ಮೇಲೆಯೇ "ರೊಕ್ಕ ಬಂತು" ಎನ್ನುತ್ತಿದ್ದ. ಅಜ್ಜ ಎಣಿಸಿದ್ದು ಹೈದರಾಬಾದಿನ ನಿಜಾಮನ 'ಹಾಲಿ ಸಿಕ್ಕ' ಎಂಬ ರೂಪಾಯಿ. ಭಾರತದ 6 ರೂಪಾಯಿಗೆ ಅವು 7. ನಿಜಾಮನ ಆ ರೂಪಾಯಿ 1959ರಲ್ಲಿ ಚಲಾವಣೆಯಿಂದಲೇ ಹೋಯಿತು. ಅಜ್ಜನ ಬಾಯಲ್ಲಿ ಅದೂ ರೊಕ್ಕ, ಇದೂ ರೊಕ್ಕ.

ಬೆಂಗಳೂರನ್ನು ಬೈದು ಹಗುರಾಗುವುದು ಸುಲಭ. ಆದರೆ ನಮ್ಮೂರಿನ ಅಂಗಡಿಗಳ ಹಲಗೆಯ ಮೇಲೂ "ಇಂದು ನಗದು, ನಾಳೆ ಉದ್ರಿ" ಎಂದೇ ಇರುತ್ತದೆ. ಇನ್ನೊಂದು, ಹೇಳಲು ಮನಸ್ಸಿಲ್ಲ: ತಮಿಳರಿಗೆ ಹಣವೆಲ್ಲ ಪಣಂ, ಕೈಯಲ್ಲಿ ಎಣಿಸಿ ಕೊಡುವುದು ಮಾತ್ರ ರೊಕ್ಕಂ. ನಾವು ಸಂಬಳ, ಸಾಲ, ಪಿಂಚಣಿ ಎಲ್ಲವನ್ನೂ ರೊಕ್ಕ ಎಂದು ಕರೆದು ಆ ಮಾತಿನ ಅಲಗನ್ನು ನಾವೇ ಮೊಂಡು ಮಾಡಿದ್ದೇವೆ. ಚೆನ್ನೈಯ ಹೊಸ ಅಂಗಡಿಗಳಲ್ಲಿ ಕೇಳುವುದೂ "ಕ್ಯಾಷಾ, ಕಾರ್ಡಾ" ಎಂದೇ. ಆ ಹಿರಿಯರು ಹೋದ ಮೇಲೆ ಮೈಲಾಪುರದಲ್ಲಿ ನನ್ನನ್ನು ಹಾಗೆ ಕೇಳುವವರು ಇರಲಾರರು.

ಕಳೆದ ವಾರ ಊರಿಗೆ ಮೊಬೈಲಿನಲ್ಲಿ ಹಣ ಕಳಿಸಿ, "ಅವ್ವಾ, ರೊಕ್ಕ ಮುಟ್ಟಿತೇ?" ಎಂದೆ.

"ಎಲ್ಲಿ ಮುಟ್ಟಿತು? ಮೆಸೇಜು ಬಂದಿದೆ," ಎಂದಳು.