ಹದ್ನೇಳರ ಬೋಲ್ಟು

ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್ರು, ಗಟ್ಟಿ ಸ್ಪ್ರಿಂಗು, ಚಕ್ರ ಹಿಡ್ಕೊಳ್ಳೋ ಲೋಯರ್ ಆರ್ಮಿನ ರಬ್ಬರ್ ಬುಶ್ಶು ಎಲ್ಲಾ ಮೊಬೈಲಲ್ಲೇ ಒತ್ತಿ ಮಂಡ್ಯದ ಮನೆ ಬಾಗ್ಲಿಗೆ ತರಿಸ್ಕೋಬಹುದು, ಆದ್ರೆ ಅದನ್ನ ಕೂರ್ಸೋ ಬೋಲ್ಟ್ ಮಾತ್ರ ಯಾವನ ಹತ್ರನೂ ಸಿಗಲ್ಲ ಕಣ್ರೀ. ಅಂದ್ರೆ ಸಿಗುತ್ತೆ, ಎಲ್ಲರ ಹತ್ರನೂ ಸಿಗುತ್ತೆ, ಆದ್ರೆ ಬೇರೆ ಬೋಲ್ಟು.

ಸಸ್ಪೆನ್ಷನ್ ಯಾಕೆ ಬದಲಾಯಿಸ್ಬೇಕಾಯ್ತು ಅಂತ ಕೇಳೋರು ನಮ್ಮ ಜಿಲ್ಲೆ ಒಳರಸ್ತೆ ನೋಡಿಲ್ಲ ಅಂತ ಅರ್ಥ. ಎಕ್ಸ್‌ಪ್ರೆಸ್‌ವೇ 2023ರಲ್ಲಿ ಓಪನ್ ಆದಾಗಿಂದ ಬೆಂಗಳೂರೋರಿಗೆ ಮಂಡ್ಯದ ರೋಡು ಅಂದ್ರೆ ಭಾರಿ ಗೌರವ, ಇರ್ಲಿ ಪಾಪ, ಮದ್ದೂರಲ್ಲಿ ಇಳಿದು ಕೆ.ಎಂ. ದೊಡ್ಡಿ ಕಡೆ ತಿರುಗಿದ್ರೆ ಇಳಿಯುತ್ತೆ. ಬಣ್ಣನೂ ಇಲ್ಲದ ಬೋರ್ಡೂ ಇಲ್ಲದ ಹಂಪುಗಳು, ಮುಂದೆ ಕಬ್ಬಿನ ಟ್ರ್ಯಾಕ್ಟರ್ರು, ಡಿಕ್ಕಿಲಿ ಮಾವನ ಮನೆಯಿಂದ ತುಂಬಿ ಕಳ್ಸಿರೋ ಅಕ್ಕಿ ಮೂಟೆ, ತೆಂಗಿನಕಾಯಿ, ಅಚ್ಚು ಬೆಲ್ಲ. ಬೇಡ ಅನ್ನೋ ಹಾಗಿಲ್ಲ. ನನ್ನ ಹಳೇ ಕಾರು ಪ್ರತಿ ಹಂಪಲ್ಲೂ ಹೊಟ್ಟೆ ಉಜ್ಜಿಕೊಂಡೇ ದಾಟ್ತಿತ್ತು.

ಗ್ಯಾರೇಜಲ್ಲಿ ಹಳೇ ಬೋಲ್ಟ್ ಬಿಚ್ಚೋಕೆ ಹೋದ್ರೆ ಅದು ಬುಶ್ಶಿನೊಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗ್ಬಿಟ್ಟಿತ್ತು. ಎಣ್ಣೆ ಬಿಟ್ರು, ಸುತ್ತಿಗೇಲಿ ಹೊಡೆದ್ರು, ಪಾನಾಗೆ ಪೈಪ್ ಸಿಗಿಸಿ ಇಬ್ರು ನೇತಾಡಿದ್ರು, ಕೊನೆಗೆ ಗ್ಯಾಸ್ ಕಟ್ಟರ್ ತಂದು ಕತ್ತರಿಸಿ ಹಾಕಿದ್ರು. ಮೆಕ್ಯಾನಿಕ್ಕು ಬೆವರು ಒರೆಸ್ಕೊಂಡು ಆರಾಮಾಗಿ, "ಹದ್ನೇಳರ ಬೋಲ್ಟು ಸಾ, ನೂರಡಿ ರೋಡಲ್ಲಿ ಯಾವ್ ಅಂಗ್ಡಿಗೋದ್ರೂ ಕೊಡ್ತರೆ, ತಂದ್ಬುಡಿ" ಅಂದ.

ಈ ಹದ್ನೇಳು ಅನ್ನೋದು ಬೋಲ್ಟಿನ ದಪ್ಪ ಅಲ್ಲ, ಅದರ ತಲೆಗೆ ಹಾಕೋ ಪಾನಾದ ಸೈಜು. ಹಾರ್ಡ್‌ವೇರ್ ಅಂಗಡೀಲಿ ಹದ್ನೇಳರ ಪಾನಾ ಕೂರೋ ಬೋಲ್ಟ್ ಕೇಳಿದ್ರೆ ಸಾಮಾನ್ಯವಾಗಿ ಹತ್ತು ಎಂಎಂ ದಪ್ಪದ್ದು ಕೈಗೆ ಬರುತ್ತೆ, ಯಾಕಂದ್ರೆ ಜರ್ಮನ್ ಅಳತೇಲಿ ಹಂಗೆ. ಜಪಾನಿ ಅಳತೆಯ ಕಾರಿನ ಬೋಲ್ಟಿಗೆ ಅದೇ ಹದ್ನೇಳರ ತಲೆ ಇದ್ರೂ ಮೈ ಹನ್ನೆರಡು ಎಂಎಂ ಇರುತ್ತೆ. ತಲೆ ಒಂದೇ, ಮೈ ಬೇರೆ. ಅಂಗಡಿ ಯಜಮಾನ್ರು ಕೊಟ್ಟ ಬೋಲ್ಟನ್ನ ತೂತಿಗೆ ಇಟ್ರೆ ಅದು ಎರಡು ಎಂಎಂ ಸಂದೀಲಿ ಗಡಗಡ ಅಲ್ಲಾಡ್ತು. ಮೆಕ್ಯಾನಿಕ್ಕು ಅದನ್ನೇ ನೋಡಿ, "ಟೈಟ್ ಮಾಡಿದ್ರೆ ನಿಂತ್ಕತದೆ ಬುಡಿ ಸಾ" ಅಂದ. ಮುಂದಿನ ಚಕ್ರ ಹಿಡ್ಕೊಂಡಿರೋ ಬೋಲ್ಟ್ ಬಗ್ಗೆ "ಬುಡಿ ಸಾ" ಅನ್ನೋ ಮಾತು ಕೇಳೋಕೆ ನಂಗಂತೂ ಧೈರ್ಯ ಸಾಲ್ಲಿಲ್ಲ.

ಸರಿ ಅಂತ ಹನ್ನೆರಡು ಎಂಎಂ ಕೇಳ್ಕೊಂಡು ಮತ್ತೆ ಹೋದ್ರೆ ಯಜಮಾನ್ರು ಮೊದ್ಲು ಅರ್ಧ ಇಂಚಿಂದು ತೆಗೆದ್ರು, ಎಲ್ಲಾ ಒಂದೇ ಅಂತ. ಅರ್ಧ ಇಂಚು ಅಂದ್ರೆ 12.7 ಎಂಎಂ, ತೂತಿಗೆ ಹೋಗೋದೇ ಇಲ್ಲ. ಆಮೇಲೆ ಸರಿಯಾದ ದಪ್ಪದ್ದು ಸಿಕ್ತು, ಬಲದ ಗ್ರೇಡು 8.8 ಅಂತ ತಲೆ ಮೇಲೆ ಬರೆದಿತ್ತು, ಇದೇ ಸಾಕಾಗಬಹುದಾ ಅಂತ ನೋಡೋಣ ಅಂದ್ಕೊಂಡು ನಾಲ್ಕು ತಗೊಂಡೆ. ಕಾರಿನ ನಟ್ಟು ಹಾಕಿದ್ರೆ ಒಂದೂವರೆ ಸುತ್ತು ಹೋಗಿ ಕಚ್ಕೊಂಡು ನಿಂತೇಬಿಡ್ತು. ಕಾರಿಂದು ಸಣ್ಣ ಥ್ರೆಡ್ಡು, 1.25 ಪಿಚ್ಚು, ಅಂದ್ರೆ ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ 1.25 ಎಂಎಂ ದೂರ, ಅಂಗಡೀದು ದಪ್ಪ ಥ್ರೆಡ್ಡು, 1.75. ಹತ್ತು ಥ್ರೆಡ್ಡಿಗೆ ಐದು ಎಂಎಂ ವ್ಯತ್ಯಾಸ ಬರುತ್ತೆ, ಸ್ಕೇಲ್ ಇಟ್ಟು ಅಳೆದ್ರೆ ಸ್ಕೂಲ್ ಹುಡುಗನಿಗೂ ಗೊತ್ತಾಗುತ್ತೆ. ವಾಪಸ್ ತಗೊಳಿ ಅಂದ್ರೆ ಯಜಮಾನ್ರು ಗೋಡೆ ಮೇಲಿನ ಬೋರ್ಡ್ ಕಡೆ ಕೈ ತೋರ್ಸಿದ್ರು. ಆಮೇಲೆ ಸಮಾಧಾನಕ್ಕೆ ಅಂತ ಫಳಫಳ ಹೊಳೆಯೋ ಸ್ಟೀಲ್ ಬೋಲ್ಟ್ ಒಂದನ್ನ ಟೇಬಲ್ ಮೇಲಿಟ್ಟು, "ಜನ್ಮದಲ್ಲಿ ತುಕ್ಕು ಹಿಡಿಯಲ್ಲ ಸಾರ್" ಅಂದ್ರು. ತುಕ್ಕು ಹಿಡಿಯಲ್ಲ ನಿಜ, ಆದ್ರೆ ಅದರ ತಲೆ ಮೇಲೆ ಎ2-70 ಅಂತಿತ್ತು, ಅಂದ್ರೆ ಎಳೆತಕ್ಕೆ 700 ಮೆಗಾಪ್ಯಾಸ್ಕಲ್ ತಡೆಯುತ್ತೆ, ಕಪ್ಪು ಮುಖದ 8.8 ತಡೆಯೋದು 800, ನನ್ನ ಕಾರಿಗೆ ಬೇಕಾಗಿದ್ದ 10.9 ತಡೆಯೋದು 1000. ಹೊಳೆಯೋದೇ ಮೂರರಲ್ಲಿ ಬಡಪಾಯಿ. ಅಷ್ಟೊಂದು ಸ್ಪಷ್ಟವಾಗಿ ತಲೆ ಮೇಲೇ ಬರ್ಕೊಂಡು ಓಡಾಡೋ ವಸ್ತು ಬೇರೆ ಇಲ್ಲ, ಆದ್ರೂ ಯಾರೂ ಓದಲ್ಲ.

ಅಷ್ಟೊತ್ತಿಗೆ ಗ್ಯಾರೇಜಲ್ಲಿ ಜಾಕಿ ಬೇರೆ ಗಾಡಿಗೆ ಬೇಕು ಅಂತ ನನ್ನ ಕಾರನ್ನ ಮರದ ದಿಮ್ಮಿ ಮೇಲೆ ಕೂರ್ಸಿದ್ರು, ಅದರ ಕೆಳಗೆ ಒಂದು ಹ್ಯಾಟೆ ಕೋಳಿ ಪರ್ಮನೆಂಟಾಗಿ ಸೇರ್ಕೊಂಡಿತ್ತು. ಟೀ ಕುಡಿಯೋಕೆ ಬಂದೋರೆಲ್ಲಾ ಒಂದೊಂದು ಸಲಹೆ. ವೆಲ್ಡಿಂಗ್ ಮಾಡ್ಸ್ಬುಡಿ ಅಂದ ಒಬ್ಬ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಅಂದ್ರು ಮಿಕ್ಕವರು. ನಮ್ ಕಡೆ ಗಾಡಿದು ಏನು ಸಿಗದಿದ್ರೂ ಜೆ.ಸಿ. ರೋಡು, ಕಾಯಿಲೆ ವಾಸಿ ಆಗದಿದ್ರೆ ಧರ್ಮಸ್ಥಳ ಅಂದಂಗೆ.

ನಾನು ಹೋಗಿದ್ದು ಮೈಸೂರಿಗೆ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ, ಬರೀ ನಟ್ಟು ಬೋಲ್ಟೇ ಮಾರೋ ಅಂಗಡಿಗೆ. ಅಲ್ಲಿ ಕೂತಿದ್ದ ಹಿರಿಯರು ನನ್ನ ಮಾತು ಕೇಳಿಸ್ಕೊಳ್ಳಲೇ ಇಲ್ಲ, ಕತ್ತರಿಸಿದ ಹಳೇ ತುಂಡನ್ನ ಇಸ್ಕೊಂಡು, ಗರಗಸದ ಹಲ್ಲಿದ್ದ ಸಣ್ಣ ಗೇಜನ್ನ ಥ್ರೆಡ್ಡಿಗೆ ಇಟ್ಟು ಬೆಳಕಿಗೆ ಹಿಡಿದು ನೋಡಿ, "ಒಂದೂಕಾಲು" ಅಂದ್ರು. ಕಾಲಿಗೆ ಬೀಳೋಣ ಅನ್ನಿಸ್ತು. ಆದ್ರೆ ಅವರ ಹತ್ರ ಇದ್ದ ಆ ಪಿಚ್ಚಿನ ಬೋಲ್ಟಿಗೆ ತಲೆಯಿಂದ ತುದಿವರೆಗೂ ಥ್ರೆಡ್ಡು. "ಬುಶ್ಶೊಳಗೆ ಕೂರೋ ಜಾಗ ನುಣ್ಣಗಿರ್ಬೇಕು, ಅಲ್ಲಿ ಥ್ರೆಡ್ ಬಂದ್ರೆ ಅಲ್ಲೇ ಕಟ್ಟಾಗೋದು, ಕೊಡಲ್ಲ ಹೋಗಿ" ಅಂತ ಅವರೇ ವ್ಯಾಪಾರ ಬಿಟ್ರು. ಇಡೀ ಪ್ರಕರಣದಲ್ಲಿ ಇಲ್ಲ ಅಂದ ಒಬ್ಬನೇ ವ್ಯಾಪಾರಿ!

ಕೊನೆಗೆ ಕಂಪನಿ ಸ್ಪೇರ್ ಕೌಂಟರಲ್ಲಿ ಚಾಸಿ ನಂಬರ್ ಕೊಟ್ಟು ಆರ್ಡರ್ ಹಾಕಿದ್ದಾಯ್ತು. ಬೋಲ್ಟ್ ಬಂತು, ನಟ್ಟು ಬರ್ಲಿಲ್ಲ. ನಟ್ಟಿಗೆ ಬೇರೆ ಪಾರ್ಟ್ ನಂಬರಂತೆ, ಅದನ್ನ ಬೇರೆ ಆರ್ಡರ್ ಮಾಡ್ಬೇಕಂತೆ, ಹಳೇದು ಹಾಕಂಗಿಲ್ಲ, ಅದು ಒಂದೇ ಸಲಕ್ಕಂತೆ. ಅದೂ ಬಂತು ಅನ್ನಿ. ಬುಶ್ಶಿನ ಬೋಲ್ಟನ್ನ ಗಾಡಿ ಕೆಳಗಿಳಿಸಿ ಚಕ್ರದ ಮೇಲೆ ಭಾರ ಬಿದ್ಮೇಲೇ ಪೂರ್ತಿ ಟೈಟ್ ಮಾಡ್ಬೇಕು, ಇಲ್ಲಾಂದ್ರೆ ರಬ್ಬರ್ ತಿರುಚ್ಕೊಂಡೇ ಇದ್ದು ಬೇಗ ಹರಿದೋಗುತ್ತೆ. ನಾನು ಪಕ್ಕದಲ್ಲೇ ನಿಂತು ಹಂಗೇ ಮಾಡಿಸ್ದೆ, ಮೆಕ್ಯಾನಿಕ್ ಮುಖ ನೋಡೋ ಹಾಗಿರ್ಲಿಲ್ಲ.

ಹಬ್ಬಕ್ಕೆ ಮಾವನ ಮನೆಗೆ ಹೋದಾಗ ಡಿಕ್ಕಿಲಿ ಉರುಳಾಡ್ತಿದ್ದ ಆ ನಾಲ್ಕು ದಪ್ಪ ಥ್ರೆಡ್ಡಿನ ಬೋಲ್ಟನ್ನ ಮಾವ ಎತ್ಕೊಂಡು ಟ್ರ್ಯಾಕ್ಟರ್ ಟ್ರೇಲರಿಗೆ ಹಾಕಿ ನೋಡಿದ್ರು. ಅಳತೆ ಮಾಡಿ ಹೊಡ್ಸಿದಂಗೆ ಕೂತ್ವು. "ಒಳ್ಳೇ ಬೋಲ್ಟು ಕಣ್ ಅಳಿಯಂದ್ರೆ, ಇನ್ನೊಂದ್ ನಾಕು ತಂದ್ಕೊಡಿ" ಅಂದ್ರು. ನೂರಡಿ ರೋಡಿಗೆ ಹೋಗಿ ಕೇಳ್ದೆ. ಯಜಮಾನ್ರು ಪೇಪರಿಂದ ತಲೆನೂ ಎತ್ತಲಿಲ್ಲ.

"ಅದು ಈಗ ಬರ್ತಿಲ್ಲ ಸಾರ್."